ನೆನಪಿನಲ್ಲಿ ಉಳಿಯುವ ರುಚಿ ಮತ್ತು ವ್ಯಾಪಾರ: ಮದ್ದೂರು, ಮಂಡ್ಯ, ಮಳವಳ್ಳಿಗಳ ಒಂದು ಅಧ್ಯಯನ

ಪೀಠಿಕೆ

ಊಟ–ತಿಂಡಿಯ ವಿಷಯ ಬಂದರೆ ನಾಲ್ಕು ಜನ ಸೇರಿದ ಯಾವ ಕಡೆಯಲ್ಲಿಯೂ ಮಾತಿಗೆ ಬರವಿರುವುದಿಲ್ಲ. ಒಬ್ಬರು ಬೆಂಗಳೂರಿನ ತಾರಾ ಹೋಟೆಲಿನಲ್ಲಿ ಉಂಡದ್ದನ್ನು ಹೇಳಿದರೆ, ಇನ್ನೊಬ್ಬರು ಚಿಕ್ಕಂದಿನಲ್ಲಿ ರೈಲಿನ ಕಿಟಕಿಯಿಂದ ಕೈಚಾಚಿ ಕೊಂಡ ಮದ್ದೂರು ವಡೆಯನ್ನು ನೆನೆಯುತ್ತಾರೆ. ಮತ್ತೊಬ್ಬರು ಮಳವಳ್ಳಿ ಕಡೆಯ ಬೀಗರ ಔತಣದ ಬಾಡೂಟವನ್ನು ವರ್ಣಿಸುತ್ತಾರೆ. ಕೇಳುವವರಿಗೆ ಇದು ಕಾಲಕ್ಷೇಪದ ಮಾತು. ಆದರೆ ಹೋಟೆಲು, ಮೆಸ್ಸು, ಬೇಕರಿ, ಕುರುಕಲು ತಿಂಡಿ ತಯಾರಿಕೆ, ಬೆಲ್ಲದ ವ್ಯಾಪಾರ ಮುಂತಾದ ಉದ್ಯಮಗಳಲ್ಲಿ ತೊಡಗಿರುವ ನಮಗೆ ಅದು ಮಾರುಕಟ್ಟೆಯ ಮಾಹಿತಿ. ಗಿರಾಕಿ ಯಾವುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತಾನೆ, ಏತಕ್ಕಾಗಿ ಮತ್ತೆ ಬರುತ್ತಾನೆ ಎಂಬುದನ್ನು ಅವನೇ ಖರ್ಚಿಲ್ಲದೆ ತಿಳಿಸುತ್ತಿರುತ್ತಾನೆ.

ಇಂತಹ ನೆನಪುಗಳನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ತಿಳಿದುಬರುತ್ತದೆ. ಹೇಳುವವರು ಬೆಲೆಯನ್ನು ಮೊದಲು ಹೇಳುವುದಿಲ್ಲ. ಎಲ್ಲಿಗೆ ಹೋಗುತ್ತಿದ್ದೆವು, ಎಲ್ಲಿ ನಿಂತೆವು, ಎಷ್ಟು ಹಸಿದಿದ್ದೆವು, ಯಾರು ಬಡಿಸಿದರು ಎಂಬುದರಿಂದಲೇ ಮಾತು ಆರಂಭವಾಗುತ್ತದೆ. ಅಂದರೆ ರುಚಿಯ ನೆನಪು ಪ್ರಯಾಣದೊಡನೆ ಬೆಸೆದುಕೊಂಡಿರುತ್ತದೆ. ಪ್ರಯಾಣದ ಕ್ರಮ ಬದಲಾದಾಗ ಅದನ್ನೇ ನಂಬಿದ ವ್ಯಾಪಾರದ ಗತಿ ಏನಾಗುತ್ತದೆ, ಅದಕ್ಕೆ ಪರಿಹಾರವೇನು ಎಂಬುದನ್ನು ಮದ್ದೂರು, ಮಂಡ್ಯ ಮತ್ತು ಮಳವಳ್ಳಿಗಳ ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಟೈರು ಕಂಪನಿಯೊಂದರ ಅಳತೆಗೋಲು

ಇಂದು ಜಗತ್ತಿನ ಶ್ರೇಷ್ಠ ಭೋಜನಶಾಲೆಗಳಿಗೆ ನಕ್ಷತ್ರಗಳನ್ನು ನೀಡುವ ಮಿಶೆಲಿನ್ ಗೈಡ್ ಮೂಲತಃ ಪಾಕಶಾಸ್ತ್ರಜ್ಞರ ಕೆಲಸವಲ್ಲ. ಫ್ರಾನ್ಸ್ ದೇಶದ ಮಿಶೆಲಿನ್ ಸಹೋದರರು ಟೈರು ತಯಾರಕರು. ಮೋಟಾರು ವಾಹನಗಳು ವಿರಳವಾಗಿದ್ದ 1900ರಲ್ಲಿ ಅವರು ಪ್ರಯಾಣಿಕರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಜನರು ಹೆಚ್ಚು ದೂರ ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ, ಮಾರಾಟವೂ ಹೆಚ್ಚುತ್ತದೆ ಎಂಬುದು ಅದರ ಹಿಂದಿದ್ದ ಲೆಕ್ಕ. 1926ರಲ್ಲಿ ಉತ್ತಮ ಊಟ ದೊರೆಯುವ ಕಡೆಗೆ ನಕ್ಷತ್ರ ನೀಡುವ ಪದ್ಧತಿ ಬಂದಿತು. ಆಮೇಲೆ ಅದನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, 1936ರಲ್ಲಿ ಅವುಗಳ ಅರ್ಥವನ್ನು ಪ್ರಕಟಿಸಲಾಯಿತು.

ಆ ಅರ್ಥವನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು ನಕ್ಷತ್ರವೆಂದರೆ ದಾರಿಯಲ್ಲಿ ಸಿಕ್ಕರೆ ನಿಲ್ಲಲು ತಕ್ಕುದು. ಎರಡು ನಕ್ಷತ್ರವೆಂದರೆ ಹಿಡಿದ ದಾರಿಯನ್ನು ಬಿಟ್ಟು, ಸ್ವಲ್ಪ ಸುತ್ತಾದರೂ ಹೋಗಲು ತಕ್ಕುದು. ಮೂರು ನಕ್ಷತ್ರವೆಂದರೆ ಅದೊಂದಕ್ಕಾಗಿಯೇ ಮನೆಯಿಂದ ಹೊರಡಲು ತಕ್ಕುದು.

ಇಲ್ಲಿ ಅಳೆದಿರುವುದು ಗಿರಾಕಿಯ ಕಾಲುಗಳು ಎಷ್ಟು ದೂರ ನಡೆಯಲು ಸಿದ್ಧವಾಗಿವೆ ಎಂಬುದನ್ನು. ಈ ಅಳತೆಗೋಲು ಬಿಳಿ ಮೇಜುಬಟ್ಟೆ ಹಾಸಿದ ಭೋಜನಶಾಲೆಗೆ ಎಷ್ಟು ಅನ್ವಯಿಸುತ್ತದೆಯೋ ಹೆದ್ದಾರಿ ಬದಿಯ ತಿಂಡಿ ಹೋಟೆಲಿಗೂ ಅಷ್ಟೇ ಅನ್ವಯಿಸುತ್ತದೆ. ನಮ್ಮ ಮೂರು ಊರುಗಳ ರುಚಿಗಳನ್ನು ಈ ಕ್ರಮದಲ್ಲಿಯೇ ನೋಡೋಣ.

ಮದ್ದೂರು: ನಿಂತು ತಿನ್ನುವ ರುಚಿ

ಬೆಂಗಳೂರು–ಮೈಸೂರು ರೈಲು ಮಾರ್ಗವು 1880ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಉಗಿಬಂಡಿಗಳ ಕಾಲದಲ್ಲಿ ಪ್ರಯಾಣ ನಿಧಾನ. ನಿಲ್ದಾಣಗಳಲ್ಲಿನ ನಿಲುಗಡೆಯ ಅವಧಿಯೂ ದೀರ್ಘ. ಮದ್ದೂರು ನಿಲ್ದಾಣದಲ್ಲಿ ಫಲಾಹಾರ ಮಂದಿರ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಒಂದು ದಿನ ಪಕೋಡ ಮಾಡುವ ಸಿದ್ಧತೆಯಲ್ಲಿದ್ದಾಗ ರೈಲು ವೇಳೆಗಿಂತ ಮುಂಚೆಯೇ ಬಂದಿತೆಂದೂ, ಸಮಯ ಸಾಲದೆ ಕಲಸಿದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಹಾಕಿದರೆಂದೂ, ಅದು ಪ್ರಯಾಣಿಕರಿಗೆ ಬಹಳ ಹಿಡಿಸಿತೆಂದೂ ಪ್ರತೀತಿಯಿದೆ. ಹೀಗೆ ಹುಟ್ಟಿದ ತಿನಿಸಿಗೆ ಊರಿನ ಹೆಸರೇ ನಿಂತಿತು.

ಈ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಇದರಲ್ಲಿರುವ ವ್ಯಾಪಾರದ ಪಾಠವನ್ನು ಗಮನಿಸಿದವರು ಕಡಿಮೆ. ಉದ್ದಿನ ವಡೆಯನ್ನು ಬಿಸಿಯಾಗಿಯೇ ತಿನ್ನಬೇಕು, ಆರಿದರೆ ಅದು ಮೆತ್ತಗಾಗುತ್ತದೆ. ಮದ್ದೂರು ವಡೆಗೆ ಉದ್ದು ನೆನೆಹಾಕುವ, ರುಬ್ಬುವ ಕೆಲಸವಿಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು ಇವಿಷ್ಟೇ ಮುಖ್ಯ ಪದಾರ್ಥಗಳು. ಹಿಟ್ಟಿಗೆ ಕಾದ ಎಣ್ಣೆ ಅಥವಾ ಬೆಣ್ಣೆ–ತುಪ್ಪವನ್ನು ಮೊದಲೇ ಬೆರೆಸಿ ಉಜ್ಜುವುದರಿಂದ ವಡೆ ಪುಡಿಪುಡಿಯಾಗಿ ಮುರಿಯುತ್ತದೆ. ನೀರನ್ನು ಕಡಿಮೆ ಹಾಕಿ, ತೆಳ್ಳಗೆ ತಟ್ಟಿ, ಮಂದ ಉರಿಯಲ್ಲಿ ಸಾವಕಾಶವಾಗಿ ಕರಿಯುವುದರಿಂದ ತೇವಾಂಶ ಬಹುಮಟ್ಟಿಗೆ ಹೊರಟುಹೋಗುತ್ತದೆ. ಆದ್ದರಿಂದಲೇ ಅದು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳಲು ಯೋಗ್ಯ, ಮರುದಿನಕ್ಕೂ ಕೆಡುವುದಿಲ್ಲ, ಚಟ್ನಿಯಿಲ್ಲದೆಯೂ ನಡೆಯುತ್ತದೆ. ಕೆಲವೇ ನಿಮಿಷಗಳ ನಿಲುಗಡೆ, ಕಿಟಕಿಯಿಂದ ಕೈಗೆ ಸಿಗಬೇಕಾದ ಸರಕು, ಚಿಲ್ಲರೆಗೆ ಒಗ್ಗುವ ಬೆಲೆ ಇವಿಷ್ಟಕ್ಕೂ ಹೇಳಿ ಮಾಡಿಸಿದ ತಿನಿಸು ಇದು.

1990ರ ದಶಕದಲ್ಲಿ ಈ ಮಾರ್ಗ ಬ್ರಾಡ್ ಗೇಜ್‌ಗೆ ಪರಿವರ್ತನೆಯಾಯಿತು. ಅಷ್ಟು ಹೊತ್ತಿಗೆ ಕಾರು–ಬಸ್ಸುಗಳ ಸಂಚಾರವೂ ಹೆಚ್ಚಿತ್ತು. ವಡೆಯ ವ್ಯಾಪಾರ ರೈಲು ನಿಲ್ದಾಣದಿಂದ ಹೆದ್ದಾರಿಗೂ ಹಬ್ಬಿತು. ಮದ್ದೂರು ಟಿಫಾನೀಸ್ ಮೊದಲಾದ ರಸ್ತೆಬದಿಯ ಹೋಟೆಲುಗಳು ಪ್ರವಾಸಿಗರು ದಶಕಗಳ ಕಾಲ ತಪ್ಪದೆ ನಿಲ್ಲುವ ತಾಣಗಳಾದವು. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರವೆಂದರೆ ಬೆಳಿಗ್ಗೆ ಹೊರಟವರಿಗೆ ಸರಿಯಾಗಿ ಹಸಿವಾಗುವ ಜಾಗ. ನಮ್ಮ ಅಳತೆಗೋಲಿನಲ್ಲಿ ಇದು ಮೊದಲನೆಯ ದರ್ಜೆ. ದಾರಿಯಲ್ಲಿ ಸಿಗುತ್ತದೆ, ಅದಕ್ಕಾಗಿ ನಿಲ್ಲುತ್ತಾರೆ.

2023ರ ನಂತರದ ಪರಿಸ್ಥಿತಿ

2023ರ ಮಾರ್ಚ್ 12ರಂದು ಪ್ರಧಾನಮಂತ್ರಿಯವರು ಮಂಡ್ಯ ಜಿಲ್ಲೆಯಲ್ಲಿಯೇ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. 118 ಕಿ.ಮೀ. ಉದ್ದದ ಈ ಮಾರ್ಗವು ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿನಿಂದ ಸಾಗುತ್ತದೆ. ಮದ್ದೂರಿನಲ್ಲಿ ವಾಹನಗಳು ಮೇಲ್ಸೇತುವೆಯ ಮೇಲೆಯೇ ದಾಟಿಹೋಗುತ್ತವೆ. ಸುಮಾರು ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. ಸರಕು ಸಾಗಣೆಗೆ ಇದರಿಂದ ಆಗಿರುವ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಈ ಮೂರನ್ನೂ ನಂಬಿ ಹಳೆಯ ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟವರ ವ್ಯಾಪಾರ ಕುಗ್ಗಿತು.

ಇದಕ್ಕೆ ಕಾರಣ ರುಚಿ ಕೆಟ್ಟದ್ದಲ್ಲ, ನಿಲ್ಲುವುದರ ಬೆಲೆ ಏರಿದ್ದು. ಮೊದಲು ಗಾಡಿಯನ್ನು ಎಡಕ್ಕೆ ತಿರುಗಿಸಿದರೆ ಸಾಕಿತ್ತು. ಈಗ ನಿರ್ಗಮನ ದ್ವಾರವನ್ನು ಹುಡುಕಿ ಇಳಿಯಬೇಕು, ಊರೊಳಗೆ ಹೋಗಬೇಕು, ಮತ್ತೆ ಹೆದ್ದಾರಿಗೆ ಏರಬೇಕು. ಪ್ರಯಾಣವೇ ಒಂದೂವರೆ ಗಂಟೆಯಾದಾಗ ನಡುದಾರಿಯಲ್ಲಿ ಹಸಿವಾಗುವುದೂ ಇಲ್ಲ. ಅಂದರೆ ಮೊದಲನೆಯ ದರ್ಜೆಯ ವ್ಯಾಪಾರ ಎರಡನೆಯ ದರ್ಜೆಯ ಪರೀಕ್ಷೆಗೆ ಒಳಗಾಯಿತು. ನಿಲ್ಲಲು ತಕ್ಕ ತಿನಿಸು, ದಾರಿ ಬಿಟ್ಟು ಬರಲು ತಕ್ಕದ್ದೂ ಆಗಿದೆಯೇ ಎಂಬುದೇ ಇಂದಿನ ಪ್ರಶ್ನೆ.

ಇನ್ನೊಂದು ತೊಡಕೂ ಉಂಟು. ಕೆಡದೆ ಉಳಿಯುವ, ಕಟ್ಟಿಸಿಕೊಳ್ಳಲು ಯೋಗ್ಯವಾದ ಗುಣವೇ ವಡೆಗೆ ಕೀರ್ತಿ ತಂದಿತು. ಅದೇ ಗುಣದಿಂದಾಗಿ ಇಂದು ಬೆಂಗಳೂರು–ಮೈಸೂರುಗಳ ಬೇಕರಿಗಳಲ್ಲಿಯೂ ಅದೇ ಹೆಸರಿನ ವಡೆ ದೊರೆಯುತ್ತದೆ. ಮನೆಯ ಬಳಿ ಸಿಗುವ ಸರಕಿಗಾಗಿ ಯಾರೂ ದಾರಿ ಬಿಟ್ಟು ಬರುವುದಿಲ್ಲ. ಹಾಗಾದರೆ ಮದ್ದೂರಿನಲ್ಲಿ ಮಾತ್ರ ಸಿಗುವುದು ಯಾವುದು? ಬಾಣಲೆಯಿಂದ ಆಗತಾನೆ ತೆಗೆದ ವಡೆ, ಅದರ ಜೊತೆಗೆ ಹಸಿ ತೆಂಗಿನಕಾಯಿ ಚಟ್ನಿ, ಮೇಲೊಂದು ಕಾಫಿ. ಎಳನೀರು ಮಾರುಕಟ್ಟೆಗೆ ಹೆಸರಾದ ಊರಿನಲ್ಲಿ ತೆಂಗಿಗೆ ಕೊರತೆಯಿಲ್ಲ. ಪೊಟ್ಟಣದಲ್ಲಿ ತುಂಬಲು ಬಾರದ ಈ ಅಂಶಕ್ಕೆ ಹೋಟೆಲಿನವರು ಒತ್ತು ನೀಡಬೇಕು. ಬೆಳಿಗ್ಗೆ ಒಮ್ಮೆ ಕರಿದು ರಾಶಿ ಹಾಕಿದ ವಡೆಯನ್ನೇ ಮೇಜಿಗೂ ಕೊಟ್ಟರೆ, ಸುತ್ತಿ ಬಂದ ಗಿರಾಕಿ ಎರಡನೆಯ ಸಲ ಬರುವುದಿಲ್ಲ.

ಪೊಟ್ಟಣದ ಮಾರಾಟವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ದಿನಕ್ಕೆ 300 ಗಿರಾಕಿಗಳು ಬಂದು ತಲಾ 60 ರೂ. ವ್ಯಾಪಾರ ಮಾಡುತ್ತಿದ್ದ ಹೋಟೆಲಿನ ದಿನದ ವಹಿವಾಟು 18,000 ರೂ. ಗಿರಾಕಿಗಳ ಸಂಖ್ಯೆ 180ಕ್ಕೆ ಇಳಿದರೆ ವಹಿವಾಟು 10,800 ರೂ. ಆಗುತ್ತದೆ. ಈ 180 ಮಂದಿಯಲ್ಲಿ ಮೂವರಿಗೆ ಒಬ್ಬರಂತೆ 60 ಮಂದಿ 120 ರೂ. ಬೆಲೆಯ ಪೊಟ್ಟಣವನ್ನು ಮನೆಗೆ ಕೊಂಡೊಯ್ದರೆ 7,200 ರೂ. ಕೂಡಿಬಂದು ಮೊದಲಿನ 18,000 ರೂ. ಮೊತ್ತ ಮರಳಿ ಸಿಗುತ್ತದೆ. ಪೊಟ್ಟಣದ ಖರ್ಚನ್ನು ಕಳೆಯಬೇಕಾದರೂ ದಾರಿ ಸ್ಪಷ್ಟವಾಗಿದೆ. ಬಿಸಿ ವಡೆ ಗಿರಾಕಿಯನ್ನು ಕರೆತರಬೇಕು, ಪೊಟ್ಟಣದ ವಡೆ ವಹಿವಾಟನ್ನು ತುಂಬಿಕೊಡಬೇಕು. ಎರಡಕ್ಕೂ ಒಂದೇ ಕೆಲಸ ವಹಿಸಬಾರದು.

ಮಂಡ್ಯ: ಎಲೆಯ ಮುಂದೆ ಕುಳಿತೇ ಉಣ್ಣಬೇಕಾದ ರುಚಿ

ಮದ್ದೂರಿನಿಂದ ಸುಮಾರು 20 ಕಿ.ಮೀ. ಮುಂದಕ್ಕೆ ಮಂಡ್ಯ. ಇಲ್ಲಿನ ನೆನಪಿನ ಊಟ ವಡೆಗೆ ಪೂರ್ತಿ ವಿರುದ್ಧ ಸ್ವಭಾವದ್ದು. ರಾಗಿಮುದ್ದೆ, ಬಸ್ಸಾರು, ಉಪ್ಸಾರು, ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆಯ ಸಾರು, ನಾಟಿಕೋಳಿ ಸಾರು ಇವು ಯಾವುವೂ ಪೊಟ್ಟಣಕ್ಕೆ ಒಗ್ಗುವುದಿಲ್ಲ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ. ಸೊಪ್ಪು–ಕಾಳುಗಳನ್ನು ಬೇಯಿಸಿ, ಬಸಿದು, ಆ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದ ಬಸ್ಸಾರು, ಬಸಿದ ಸೊಪ್ಪಿನ ಪಲ್ಯದೊಡನೆ ಉಂಡಾಗಲೇ ಪೂರ್ಣ. ಉಪ್ಸಾರಿಗೆ ಖಾರವನ್ನು ಎಲೆಯ ಬದಿಯಲ್ಲಿ ಇಟ್ಟುಕೊಂಡು ಅವರವರ ಹದಕ್ಕೆ ಕಲಸಿಕೊಳ್ಳಬೇಕು. ಬಡಿಸುವವರು ಪಕ್ಕದಲ್ಲಿಯೇ ಇದ್ದರೆ ಮಾತ್ರ ಈ ಊಟ ಊಟವಾಗುತ್ತದೆ.

ಪಟ್ಟಣಗಳಲ್ಲಿ ನೆಲೆಸಿದ ಮಂಡ್ಯದವರಿಗೆ ಇದು ತಾಯಿಮನೆಯ ನೆನಪು. ಬೇರೆಯವರಿಗೆ ಹೊಸ ಅನುಭವ. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಬಳಿಕ ರಾಗಿಯ ಊಟವನ್ನು ಕೇಳಿ ಬರುವ ಪ್ರವಾಸಿಗರೂ ಇದ್ದಾರೆ. ನಕಲು ಮಾಡಿ ಬೇರೆಡೆ ಮಾರುವುದು ಕಷ್ಟವಾದ್ದರಿಂದ ಈ ಊಟಕ್ಕೆ ಎರಡನೆಯ ದರ್ಜೆಗೆ ಏರುವ ಸಾಮರ್ಥ್ಯ ಸಹಜವಾಗಿಯೇ ಇದೆ. ಆದರೆ ಅನೇಕ ಮೆಸ್ಸುಗಳಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮೊದಲನೆಯದು, ಇಂದು ಯಾವ ಸಾರು ಎಂಬುದು ಗಿರಾಕಿಗೆ ಒಳಗೆ ಬಂದು ಕುಳಿತ ಮೇಲಷ್ಟೇ ತಿಳಿಯುತ್ತದೆ. ವಾರದ ಯಾವ ದಿನ ಬಸ್ಸಾರು, ಯಾವ ದಿನ ಉಪ್ಸಾರು ಎಂದು ನಿಗದಿಪಡಿಸಿ ಫಲಕ ಹಾಕಿದರೆ ದೂರದಿಂದ ಬರುವವನು ಮೊದಲೇ ಯೋಚಿಸಿ ಬರಬಹುದು. ಎರಡನೆಯದು, ಕುಟುಂಬದೊಡನೆ ಬಂದವರಿಗೆ ಕುಳಿತುಕೊಳ್ಳುವ ಜಾಗ, ಕೈತೊಳೆಯುವ ವ್ಯವಸ್ಥೆ ಹಾಗೂ ಶೌಚಾಲಯಗಳ ಕೊರತೆ. ಸುತ್ತು ಬಳಸಿ ಬಂದ ಕುಟುಂಬದ ನೆನಪಿನಲ್ಲಿ ಸಾರಿನ ರುಚಿಗಿಂತ ಶೌಚಾಲಯದ ಸ್ಥಿತಿಯೇ ಉಳಿದರೆ ನಷ್ಟ ನಮ್ಮದೇ.

ಊಟದ ನೆನಪನ್ನು ಸರಕಾಗಿ ಮನೆಗೆ ಕಳಿಸಲು ಮಂಡ್ಯಕ್ಕೆ ಬೆಲ್ಲವಿದೆ. ಕೃಷ್ಣರಾಜಸಾಗರದ ನಾಲೆಗಳಿಂದ ಕಬ್ಬು ವಿಸ್ತರಿಸಿದ ಈ ಸೀಮೆಯಲ್ಲಿ ಆಲೆಮನೆಗಳು ಹಳ್ಳಿಯ ಉದ್ಯಮ. ಬಿಳುಪಿಗಾಗಿ ರಾಸಾಯನಿಕ ಬೆರೆಸಿದ ಬೆಲ್ಲಕ್ಕಿಂತ, ಬಣ್ಣ ಕಪ್ಪಾದರೂ ಶುದ್ಧವಾದ ಬೆಲ್ಲವನ್ನು ಹುಡುಕುವ ಗಿರಾಕಿಗಳ ವರ್ಗವೊಂದು ಬೆಳೆದಿದೆ. ಊಟದ ಕೊನೆಗೆ ಬಡಿಸಿದ ಪಾಯಸದ ಬೆಲ್ಲ ಯಾವ ಆಲೆಮನೆಯದು ಎಂಬುದನ್ನು ತಿಳಿಸಿ, ಅದರ ಒಂದು ಕಿಲೋ ಅಚ್ಚನ್ನು ಗಲ್ಲೆಯ ಬಳಿ ಮಾರಾಟಕ್ಕೆ ಇಟ್ಟರೆ ಮೆಸ್ಸಿನವರಿಗೂ ಆಲೆಮನೆಯವರಿಗೂ ಲಾಭ.

ಮಳವಳ್ಳಿ: ಕಚ್ಚಾವಸ್ತುವಿನ ಕೀರ್ತಿ

ಮಳವಳ್ಳಿ ದಶಪಥದ ಮೇಲಿಲ್ಲ. ಅದು ಕನಕಪುರದಿಂದ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ಶಿವನಸಮುದ್ರದ ಗಗನಚುಕ್ಕಿ ಜಲಪಾತವಿರುವುದು ಇದೇ ತಾಲ್ಲೂಕಿನಲ್ಲಿ. ಮಾಂಸಾಹಾರ ಪ್ರಿಯರ ನೆನಪಿನಲ್ಲಿ ಈ ಸೀಮೆ ಉಳಿದಿರುವುದು ಬಂಡೂರು ಕುರಿಯಿಂದ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಹೆಸರು ಪಡೆದ ಈ ತಳಿಯನ್ನು ದಾಖಲೆಗಳಲ್ಲಿ ಮಂಡ್ಯ ತಳಿಯೆಂದೂ, ಕೆಲವೆಡೆ ಬನ್ನೂರು ಕುರಿಯೆಂದೂ ಕರೆಯುತ್ತಾರೆ. ಗಿಡ್ಡ ಕಾಲು, ದುಂಡನೆಯ ಮೈಕಟ್ಟು ಇದರ ಲಕ್ಷಣ. ಮಾಂಸದ ನಡುವೆಯೇ ಕೊಬ್ಬು ಹರಡಿಕೊಂಡಿರುವುದರಿಂದ ಬೇಯಿಸಿದಾಗ ಅದು ಮೆದುವಾಗಿ ರಸಭರಿತವಾಗಿರುತ್ತದೆ ಎಂಬುದು ಅಡುಗೆಯವರ ಅನುಭವ.

ಇದು ಮೂರನೆಯ ದರ್ಜೆಗೆ ಏರಬಲ್ಲ ಸರಕು. ಇದೊಂದಕ್ಕಾಗಿಯೇ ಬೆಂಗಳೂರಿನಿಂದ ಹೊರಟು ಬರುವವರಿದ್ದಾರೆ. ಆದರೆ ಇಲ್ಲಿನ ಅಪಾಯವೂ ದೊಡ್ಡದು. ಶುದ್ಧ ತಳಿಯ ಕುರಿಗಳ ಸಂಖ್ಯೆ ಸೀಮಿತ, ಬೇಡಿಕೆ ಅಪಾರ. ಮಿಶ್ರತಳಿಯ ಮಾಂಸವನ್ನು ಬಂಡೂರು ಎಂಬ ಹೆಸರಿನಲ್ಲಿ ಬಡಿಸಿದರೆ ಸಾಮಾನ್ಯ ಗಿರಾಕಿಗೆ ಕಣ್ಣಿನಿಂದ ಗುರುತಿಸಲು ಆಗದು. ಆದರೆ ನಾಲಿಗೆ ಗುರುತಿಸುತ್ತದೆ. ಅವನು ನಮ್ಮೊಡನೆ ಜಗಳ ಕಾಯುವುದಿಲ್ಲ, ‘ಅಷ್ಟೇನೂ ವಿಶೇಷವಿಲ್ಲ’ ಎಂದು ಹತ್ತು ಜನರ ಬಳಿ ಹೇಳುತ್ತಾನೆ. ಒಂದು ಹೋಟೆಲಿನ ಲೋಪದಿಂದ ಇಡೀ ಸೀಮೆಯ ಹೆಸರು ಕೆಡುವುದು ಹೀಗೆಯೇ.

ಆದುದರಿಂದ ಮಳವಳ್ಳಿಯ ಹೋಟೆಲು ಮಾಲೀಕರು ಅಡುಗೆಮನೆಗಿಂತ ಮೊದಲು ಕುರಿದೊಡ್ಡಿಯತ್ತ ಗಮನ ಹರಿಸಬೇಕು. ಸಾಕಣೆದಾರರೊಡನೆ ಮುಂಗಡ ಒಪ್ಪಂದ ಮಾಡಿಕೊಂಡು, ಯಾವ ದಿನ ನಿಜವಾದ ಬಂಡೂರು ಮಾಂಸ ದೊರೆಯುವುದೋ ಅಂದು ಮಾತ್ರ ಆ ಹೆಸರಿನಲ್ಲಿ ಬಡಿಸಿ, ಉಳಿದ ದಿನ ಬರೀ ಕುರಿಮಾಂಸವೆಂದು ಹೇಳುವ ಧೈರ್ಯ ಬೇಕು. ‘ಇಂದು ಬಂಡೂರು ಇಲ್ಲ’ ಎಂಬ ಫಲಕ ಒಂದು ದಿನದ ವ್ಯಾಪಾರವನ್ನು ಕಡಿಮೆ ಮಾಡಬಹುದು. ಉಳಿದ ದಿನಗಳ ಮಾತಿಗೆ ಅದೇ ಜಾಮೀನು.

ಹೆಸರಿನ ರಕ್ಷಣೆ ಮತ್ತು ಕಾನೂನು

ಊರಿನ ಹೆಸರು ಹೊತ್ತ ತಿನಿಸು ಯಾರೊಬ್ಬರ ಸ್ವತ್ತೂ ಅಲ್ಲ. ಈ ಬಗೆಯ ಹೆಸರುಗಳ ರಕ್ಷಣೆಗಾಗಿಯೇ 1999ರ ಭೌಗೋಳಿಕ ಸೂಚಕಗಳ ಕಾಯಿದೆ 2003ರಿಂದ ಜಾರಿಯಲ್ಲಿದೆ. ಧಾರವಾಡ ಪೇಡವು ಈ ನೋಂದಣಿಯನ್ನು ಪಡೆದಿರುವುದು ನಮಗೆ ತಿಳಿದ ಸಂಗತಿ. ವ್ಯಾಪಾರ ಚಿಹ್ನೆ ಒಬ್ಬ ವ್ಯಾಪಾರಿಯ ಹೆಸರಿನಲ್ಲಿರಬಹುದು. ಭೌಗೋಳಿಕ ಸೂಚಕಕ್ಕೆ ಉತ್ಪಾದಕರ ಸಂಘವೋ ಸಂಸ್ಥೆಯೋ ಚೆನ್ನೈನಲ್ಲಿರುವ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬೇಕು. ನೋಂದಣಿಯ ಅವಧಿ 10 ವರ್ಷ, ಅನಂತರ ನವೀಕರಿಸಬಹುದು. ಅರ್ಜಿಯಲ್ಲಿ ತಯಾರಿಕೆಯ ವಿಧಾನ, ಪ್ರದೇಶದ ಗಡಿ, ಇತಿಹಾಸದ ಆಧಾರ, ಗುಣಮಟ್ಟ ತಪಾಸಣೆಯ ವ್ಯವಸ್ಥೆ ಇವನ್ನೆಲ್ಲ ವಿವರಿಸಬೇಕಾಗುತ್ತದೆ. ಅಂದರೆ ಮೊದಲು ತಯಾರಕರೇ ಒಂದೆಡೆ ಕುಳಿತು ‘ಮದ್ದೂರು ವಡೆ ಎಂದರೆ ಇಂಥದು’ ಎಂದು ಒಪ್ಪಬೇಕು. ಕಾಗದಕ್ಕಿಂತ ಈ ಒಪ್ಪಿಗೆಯೇ ದೊಡ್ಡ ಕೆಲಸ.

ಕರಿದ ತಿಂಡಿ ತಯಾರಿಸುವವರು ಎಣ್ಣೆಯ ನಿಯಮವನ್ನೂ ಮರೆಯಬಾರದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆ ಕಪ್ಪಾಗಿ, ಜಿಗುಟಾಗಿ, ನೊರೆ ಬಂದು ಹೊಗೆಯಾಡುವುದು ಅದು ಹಾಳಾಗುತ್ತಿರುವುದರ ಸೂಚನೆ. ನಿಯಮಕ್ಕಾಗಿ ಮಾತ್ರವಲ್ಲ, ವ್ಯಾಪಾರಕ್ಕಾಗಿಯೂ ಇದು ಮುಖ್ಯ. ಹಳೆಯ ಎಣ್ಣೆಯ ವಡೆ ಪೊಟ್ಟಣದಲ್ಲಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಮನೆಗೆ ಒಯ್ದವರು ಅದನ್ನು ಬಿಚ್ಚುವಾಗ ನಾವು ಎದುರಿಗೆ ಇರುವುದಿಲ್ಲ.

ಸದಸ್ಯರಿಗೆ ಒಂದು ಅಭ್ಯಾಸ

ತಮ್ಮ ಅಂಗಡಿಯ ಸರಕು ಯಾವ ದರ್ಜೆಯದೆಂದು ತಿಳಿಯಲು ಪ್ರತಿಯೊಬ್ಬರೂ ಒಂದು ತಿಂಗಳ ಕಾಲ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಗಲ್ಲೆಯ ಬಳಿ ಒಂದು ಪುಸ್ತಕವನ್ನಿಟ್ಟು, ದಿನಕ್ಕೆ ಹತ್ತು ಮಂದಿ ಗಿರಾಕಿಗಳನ್ನು ‘ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿದ್ದೀರಿ’ ಎಂದು ವಿಚಾರಿಸಿ ಬರೆದಿಡುವುದು.

2. ಅವರನ್ನು ಮೂರು ಗುಂಪು ಮಾಡುವುದು: ದಾರಿಯಲ್ಲಿ ಸಿಕ್ಕಿತೆಂದು ಬಂದವರು, ದಾರಿ ಬಿಟ್ಟು ಬಂದವರು, ಇದಕ್ಕಾಗಿಯೇ ಹೊರಟು ಬಂದವರು.

3. ‘ಹಿಂದೆ ಇಲ್ಲಿ ತಿಂದದ್ದರಲ್ಲಿ ಯಾವುದು ನೆನಪಿದೆ’ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ದಾಖಲಿಸುವುದು. ಹೊಗಳಿಕೆಗಿಂತ ದೂರುಗಳನ್ನು ಹೆಚ್ಚು ಜಾಗ್ರತೆಯಿಂದ ಬರೆಯುವುದು.

4. ತಿಂಗಳ ಕೊನೆಯಲ್ಲಿ ಎರಡನೆಯ ಹಾಗೂ ಮೂರನೆಯ ಗುಂಪಿನವರು ಹೆಸರಿಸಿದ ತಿನಿಸುಗಳನ್ನು ಪಟ್ಟಿಮಾಡಿ, ಹೊಸ ಬಂಡವಾಳವನ್ನು ಅವುಗಳಿಗೇ ಮೊದಲು ಹೂಡುವುದು.

ಮೊದಲನೆಯ ಗುಂಪೇ ದೊಡ್ಡದಾಗಿದ್ದರೆ ಆ ವ್ಯಾಪಾರ ರಸ್ತೆಯನ್ನು ನಂಬಿದೆ ಎಂದರ್ಥ. ರಸ್ತೆ ಎಲ್ಲಿ ಹಾಯಬೇಕೆಂಬುದನ್ನು ನಾವು ನಿರ್ಧರಿಸುವುದಿಲ್ಲ.

ಉಪಸಂಹಾರ

ಮದ್ದೂರಿನ ವಡೆ ಹುಟ್ಟಿದ್ದು ಬೇಗ ಬಂದ ರೈಲಿನಿಂದ ಎಂಬ ಕಥೆಯನ್ನು ಮತ್ತೊಮ್ಮೆ ನೆನೆಯೋಣ. ಅಂದು ಪ್ರಯಾಣದ ವೇಳೆ ಬದಲಾದಾಗ ಅಡುಗೆಯವರು ರೈಲನ್ನು ದೂರಲಿಲ್ಲ, ಕೈಯಲ್ಲಿದ್ದ ಹಿಟ್ಟನ್ನು ತಟ್ಟಿ ಬೇರೆ ಆಕಾರ ಕೊಟ್ಟರು. ನೂರು ವರ್ಷಗಳ ಅನಂತರ ಪ್ರಯಾಣದ ವೇಳೆ ಇನ್ನೊಮ್ಮೆ ಬದಲಾಗಿದೆ. ಹಳೆಯ ರಸ್ತೆಯ ಬದಿಯ ಹೋಟೆಲುಗಳನ್ನು ನಂಬಿದ ಕುಟುಂಬಗಳ ಜೀವನ ಇದರ ಮೇಲೆ ನಿಂತಿದೆ. ಸೂಚನಾ ಫಲಕ, ನಿರ್ಗಮನ ದ್ವಾರ, ವಿಶ್ರಾಂತಿ ತಾಣಗಳಲ್ಲಿ ಸ್ಥಳೀಯರಿಗೆ ಮಳಿಗೆ ಮುಂತಾದ ಬೇಡಿಕೆಗಳನ್ನು ಸಂಘಟಿತವಾಗಿ ಸರ್ಕಾರದ ಮುಂದಿಡುವುದು ಅಗತ್ಯವೇ ಸರಿ. ಆದರೆ ಅವೆಲ್ಲ ಈಡೇರಿದರೂ ಗಿರಾಕಿಯನ್ನು ಗಾಡಿಯಿಂದ ಇಳಿಸಬೇಕಾದುದು ಬಿಸಿಯಾದ ವಡೆ, ಹದವಾದ ಮುದ್ದೆ, ಹೆಸರಿಗೆ ತಕ್ಕ ಮಾಂಸ. ಆ ಕೆಲಸ ನಮ್ಮ ಅಡುಗೆಮನೆಗಳಲ್ಲಿಯೇ ಆಗಬೇಕಾಗಿದೆ.